ನೀವು ಬರೆದದ್ದನ್ನು ಓದುವವರು ಯಾರು?

(ಮಂಡ್ಯದಲ್ಲಿ ಪಿಯುಸಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ಲಿಬರಲ್ ಆರ್ಟ್ಸ್ ಕಾಲೇಜುಗಳ ಓದು ಮತ್ತು ಅಲ್ಲಿನ ವಿದ್ಯಾರ್ಥಿ ಜೀವನ. ನಾನು ಮೈಸೂರಿನ ಡಿಗ್ರಿ ಕಾಲೇಜುಗಳಲ್ಲಿ ಪಾಠ ಮಾಡಿದವನು. ನಡುವೆ ಕೆಲವು ವರ್ಷ ಅಮೆರಿಕದ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲೂ ಮಾಡಿದೆ. ಎರಡೂ ಕಡೆ ಉಪ್ಪು ತಿಂದಿದ್ದೇನೆ, ಹಾಗಾಗಿ ಎರಡೂ ಕಡೆಯವರನ್ನು ಬೈಯುವ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಅಮೆರಿಕದ ಈ ಲಿಬರಲ್ ಆರ್ಟ್ಸ್ ಕಾಲೇಜುಗಳು ಎಂಥವು ಅಂತ ಬೇಗ ಹೇಳಿಬಿಡುತ್ತೇನೆ. ಹೆಚ್ಚಿನವುಗಳಲ್ಲಿ ಇಡೀ ಕಾಲೇಜಿಗೆ ಸೇರಿ ಒಂದೂವರೆಯಿಂದ ಎರಡು ಸಾವಿರ ಮಕ್ಕಳು. ಎಂಎ, ಪಿಎಚ್‌ಡಿ ಸಾಮಾನ್ಯವಾಗಿ ಇರುವುದಿಲ್ಲ, ನಾಲ್ಕು ವರ್ಷದ ಡಿಗ್ರಿ ಮಾತ್ರ. ಫಿಸಿಕ್ಸ್, ಗಣಿತ, ಎಕನಾಮಿಕ್ಸ್, ಇತಿಹಾಸ, ಸಂಗೀತ ಎಲ್ಲ ಅಲ್ಲೇ. ಸೇರುವಾಗ ಕಾಂಬಿನೇಷನ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಎರಡನೇ ವರ್ಷದ ಕೊನೆಯ ಹೊತ್ತಿಗೆ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಅಂತ ಬರೆದುಕೊಟ್ಟರಾಯಿತು. ಬಹುತೇಕ ಎಲ್ಲರೂ ಕ್ಯಾಂಪಸ್ಸಿನಲ್ಲೇ ವಾಸ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ 1793ರದ್ದು, ಒಹಾಯೋದ ಓಬರ್ಲಿನ್ 1833ರದ್ದು, ಫಿಲಡೆಲ್ಫಿಯಾ ಹತ್ತಿರದ ಸ್ವಾರ್ಥ್‌ಮೋರ್ 1864ರದ್ದು. ಇವು ಅಲ್ಲಿಯ ಸರ್ಕಾರದ ಕಾಲೇಜುಗಳಲ್ಲ, ಫೀಸು ಮತ್ತು ದಾನಿಗಳ ದುಡ್ಡಿನಿಂದ ನಡೆಯುವಂಥವು.

ಬ್ರೋಷರ್ ತೆಗೆದರೆ ಮೊದಲ ಪುಟದಲ್ಲೇ ಇರುವುದು ಆಯ್ಕೆಯ ಮಾತು. ಏನು ಬೇಕಾದರೂ ಓದಿ, ಫಿಸಿಕ್ಸ್ ಜೊತೆ ಪಿಯಾನೋ ಕಲಿಯಿರಿ, ಹೀಗೆ. ಈಗ ನಮ್ಮಲ್ಲಿನ ಹೊಸ ಖಾಸಗಿ ಕಾಲೇಜುಗಳೂ ಇದನ್ನೇ ಹೇಳುತ್ತಿವೆ. ನನ್ನ ಪ್ರಕಾರ ಇದು ಆ ಕಾಲೇಜುಗಳ ಮುಖ್ಯ ಗುಣವೇ ಅಲ್ಲ. ಯಾಕೆ ಅಂತ ಹೇಳುತ್ತೇನೆ. ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನಲ್ಲಿ ಎಲ್ಲರೂ ಓದಲೇಬೇಕಾದ್ದು ಮೊದಲ ವರ್ಷದ ಒಂದು ಟ್ಯುಟೋರಿಯಲ್ (ಸಣ್ಣ ಗುಂಪಿನಲ್ಲಿ ಓದಿ ಬರೆಯುವ ಕ್ಲಾಸು) ಮಾತ್ರ, ಉಳಿದದ್ದೆಲ್ಲ ಮಕ್ಕಳ ಇಷ್ಟ. ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿ ಸೇಂಟ್ ಜಾನ್ಸ್ ಅಂತ ಇನ್ನೊಂದು ಕಾಲೇಜಿದೆ. ಅಲ್ಲಿ 1937ರಿಂದ ಮೇಜರ್ ಅನ್ನುವುದೇ ಇಲ್ಲ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಾಠ, ಹಳೆಯ ಗ್ರೀಕರಿಂದ ಶುರು ಮಾಡಿ ಅದೇ ಪುಸ್ತಕಗಳನ್ನು ಎಲ್ಲರೂ ಓದಬೇಕು. ಒಂದು ಕಡೆ ಪೂರ್ತಿ ಆಯ್ಕೆ, ಇನ್ನೊಂದು ಕಡೆ ಆಯ್ಕೆಯೇ ಇಲ್ಲ. ಆದರೆ ಎರಡೂ ಕಾಲೇಜಿನ ಮಕ್ಕಳು ಒಂದು ವಿಷಯದಲ್ಲಿ ಒಂದೇ ಥರ ಇರುತ್ತಾರೆ: ಒಂದು ಪುಸ್ತಕ ಕೊಟ್ಟರೆ ಓದಿ, ತಮಗೆ ಅನ್ನಿಸಿದ್ದನ್ನು ಬರೆದು, ಯಾರಾದರೂ ಪ್ರಶ್ನೆ ಹಾಕಿದರೆ ಎದುರು ನಿಂತು ಉತ್ತರ ಕೊಡುತ್ತಾರೆ. ಅಂದರೆ ಆ ಗುಣ ಬಂದದ್ದು ಆಯ್ಕೆಯಿಂದ ಅಲ್ಲ, ಅಲ್ವಾ?

ಆಯ್ಕೆ ಏನಾಗುತ್ತದೆ ಅಂತ ನಮಗೂ ಗೊತ್ತಿದೆ. 2021ರಲ್ಲಿ ಕರ್ನಾಟಕದಲ್ಲಿ ಹೊಸ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಆನರ್ಸ್, ಬೇರೆ ವಿಭಾಗದ ವಿಷಯ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್ ಎಲ್ಲ ಬಂತು. 2024ರಲ್ಲಿ ವಾಪಸ್ ಮೂರು ವರ್ಷಕ್ಕೆ ಹೋದೆವು. ನಡುವಿನ ಆ ವರ್ಷಗಳಲ್ಲಿ ಓಪನ್ ಎಲೆಕ್ಟಿವ್ ಅಂದರೆ ಎಷ್ಟೋ ಕಡೆ ಕಾಲೇಜಿನಲ್ಲಿ ಯಾವ ಮೇಷ್ಟ್ರಿಗೆ ವರ್ಕ್‌ಲೋಡ್ ಕಮ್ಮಿ ಇದೆಯೋ ಅವರ ವಿಷಯ. ತೊಂಬತ್ತು ಮಕ್ಕಳು ಒಂದೇ ರೂಮಿನಲ್ಲಿ. ಕಾಗದದ ಮೇಲೆ ಆಯ್ಕೆ ಇತ್ತು, ಪಾಠ ಮಾತ್ರ ಹಿಂದಿನದ್ದೇ.

ಹಾಗಾದರೆ ಆ ಕಾಲೇಜುಗಳಲ್ಲಿ ಇರುವುದೇನು? ಬರೆಸುತ್ತಾರೆ. ಬರೆದದ್ದನ್ನು ಓದುತ್ತಾರೆ. ಇಷ್ಟೇ. ಕೇಳಿದರೆ ಸಪ್ಪೆ ಅನ್ನಿಸುತ್ತದೆ, ಆದರೆ ಉಳಿದದ್ದೆಲ್ಲ ಇದರ ಸುತ್ತ ಕಟ್ಟಿದ್ದು ಅಂತ ನನ್ನ ಲೆಕ್ಕ.

ವಿಲಿಯಮ್ಸ್ ಕಾಲೇಜಿನಲ್ಲಿ ಟ್ಯುಟೋರಿಯಲ್ ಅಂತ ಒಂದು ಪದ್ಧತಿ ಇದೆ. ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಪ್ರೊಫೆಸರ್. ವಾರಕ್ಕೊಮ್ಮೆ ಮೂರೂ ಜನ ಕೂರುತ್ತಾರೆ. ಈ ವಾರ ಒಬ್ಬಳು ಐದಾರು ಪುಟದ ಪ್ರಬಂಧ ಬರೆದು ತರುತ್ತಾಳೆ. ಇನ್ನೊಬ್ಬ ಅದನ್ನು ಮೊದಲೇ ಓದಿ, ಎಲ್ಲೆಲ್ಲಿ ವಾದ ಸಡಿಲ ಇದೆ ಅಂತ ಒಂದೆರಡು ಪುಟದಲ್ಲಿ ಬರೆದು ತರುತ್ತಾನೆ. ಮುಂದಿನ ವಾರ ಅದಲು ಬದಲು. ಪ್ರೊಫೆಸರ್ ಜಾಸ್ತಿ ಮಾತಾಡುವುದಿಲ್ಲ. ಇದು ಸೆಮಿಸ್ಟರ್ ಪೂರ್ತಿ ನಡೆಯುತ್ತದೆ. ಈಗ ನೀವೇ ಯೋಚನೆ ಮಾಡಿ, ಆ ಹುಡುಗಿ ಓದದೆ ಹೋದರೆ ಏನಾಗುತ್ತದೆ? ನಮ್ಮಲ್ಲಾದರೆ ಹಿಂದಿನ ಬೆಂಚಿದೆ, ಪ್ರಾಕ್ಸಿ ಹಾಜರಿ ಇದೆ, "ಹೊಟ್ಟೆ ನೋವಿತ್ತು ಸರ್" ಇದೆ. ಅಲ್ಲಿ ರೂಮಿನಲ್ಲಿ ಇರುವುದೇ ಮೂರು ಕುರ್ಚಿ.

ಎಲ್ಲ ತರಗತಿಗಳೂ ಹೀಗಿರುವುದಿಲ್ಲ. ಸಾಮಾನ್ಯ ಕ್ಲಾಸು ಅಂದರೆ ಹದಿನೈದು, ಇಪ್ಪತ್ತು ಜನ, ದೊಡ್ಡ ಮೇಜಿನ ಸುತ್ತ. ಓದಿಕೊಂಡು ಬಂದಿದ್ದಾರೆ ಅನ್ನುವ ಲೆಕ್ಕದಲ್ಲೇ ಮಾತು ಶುರುವಾಗುತ್ತದೆ. ನೋಟ್ಸ್ ಬರೆಸುವುದಿಲ್ಲ. ಭಾರತದಿಂದ ಹೋದ ಮಕ್ಕಳಿಗೆ ಮೊದಲ ಕೆಲವು ವಾರ ಇದು ಬಹಳ ಕಷ್ಟ. ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಬಂದಿದ್ದ ನಮ್ಮ ಕಡೆಯ ಒಬ್ಬ ಹುಡುಗ, ಲೆಕ್ಕದಲ್ಲಿ ಹುಲಿ, ಮೊದಲ ಪ್ರಬಂಧ ವಾಪಸ್ ಬಂದಾಗ ನನ್ನ ರೂಮಿಗೆ ಬಂದು, "ಸರ್, ತಪ್ಪು ಎಲ್ಲಿದೆ ಅಂತ ಒಂದೂ ಕಡೆ ಬರೆದಿಲ್ಲ, ಬರೀ ಪ್ರಶ್ನೆ ಬರೆದಿದ್ದೀರಿ" ಅಂತ ಜಗಳ ತೆಗೆದ. ಹೌದು, ಮಾರ್ಜಿನ್ ತುಂಬ ಪ್ರಶ್ನೆಗಳೇ ಇದ್ದವು. ಯಾಕೆ ಹೀಗಂದೆ, ಇದಕ್ಕೆ ಆಧಾರ ಏನು, ಮೂರನೇ ಪುಟದಲ್ಲಿ ಇದಕ್ಕೆ ಉಲ್ಟಾ ಹೇಳಿದ್ದೀಯಲ್ಲ ಅಂತ. ಅವನು ಅದನ್ನು ಮತ್ತೆ ಬರೆದ. ಮತ್ತೆ ಪ್ರಶ್ನೆ. ಇನ್ನೊಂದು ಸಲ ಬರೆದ. ಆಮೇಲೆ ಜಗಳ ನಿಂತಿತು, ವಾದ ಶುರುವಾಯಿತು. ವಾದ ಮಾಡುವಾಗ ಅವನ ಇಂಗ್ಲಿಷ್ ಕೂಡ ಸಲೀಸಾಗಿ ಬರುತ್ತಿತ್ತು!

ನಮ್ಮ ಅಸೈನ್‌ಮೆಂಟ್ ನೆನಪು ಮಾಡಿಕೊಳ್ಳಿ. ಸೀನಿಯರ್ ಪುಸ್ತಕ ಇಸ್ಕೊಂಡು, ಬಣ್ಣದ ಪೆನ್ನಿನಲ್ಲಿ ಹೆಡ್ಡಿಂಗ್ ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಡುವುದು. ಮೇಷ್ಟ್ರು ಕೊನೆಯ ಪುಟದಲ್ಲಿ ಸಹಿ ಹಾಕಿ ಇಂಟರ್ನಲ್ಸ್ ಹಾಕುವುದು. ಇದರಲ್ಲಿ ಮೇಷ್ಟ್ರು ಸೋಮಾರಿ ಅಂತ ತಿಳಿಯಬೇಡಿ. ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಖಾಸಗಿ ಕಾಲೇಜುಗಳಲ್ಲಿ ಅದಕ್ಕಿಂತ ಜಾಸ್ತಿ ಮಾಡಿಸುತ್ತಾರೆ, ಮೇಲೆ ಅಡ್ಮಿಷನ್ ಕ್ಯಾನ್ವಾಸ್‌ಗೆ ಹಳ್ಳಿಗಳಿಗೂ ಕಳಿಸುತ್ತಾರೆ. ಗೆಸ್ಟ್ ಲೆಕ್ಚರರ್ ಆದರೆ ಇಲ್ಲಿ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು. ಮುನ್ನೂರು ಮಕ್ಕಳ ಹತ್ತತ್ತು ಪುಟ ಅವರು ಯಾವಾಗ ಓದಬೇಕು? ಆ ಅಮೆರಿಕದ ಕಾಲೇಜುಗಳಲ್ಲಿ ಎಂಟು, ಹತ್ತು ಮಕ್ಕಳಿಗೆ ಒಬ್ಬರು ಮೇಷ್ಟ್ರು ಇರುತ್ತಾರೆ. ಅವರು ಸೆಮಿಸ್ಟರ್‌ಗೆ ಎರಡು ಅಥವಾ ಮೂರು ಕೋರ್ಸ್ ಪಾಠ ಮಾಡುತ್ತಾರೆ. ವ್ಯತ್ಯಾಸ ಇರುವುದು ಇಲ್ಲಿ. ಮನುಷ್ಯರ ಗುಣದಲ್ಲಿ ಅಲ್ಲ.

ಅಂಕಗಳ ಬಗ್ಗೆ ಒಬ್ಬ ತಾಯಿ ಕೇಳಿದರು. ಅಲ್ಲಿ ರ‍್ಯಾಂಕ್ ಹೇಗೆ ಕೊಡುತ್ತಾರೆ ಅಂತ. ಸ್ವಾರ್ಥ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರ್‌ಗೆ ಅಂಕಪಟ್ಟಿಯಲ್ಲಿ ಗ್ರೇಡ್ ಬರುವುದೇ ಇಲ್ಲ, ಪಾಸಾದರೆ ಸಾಕು. ಹೊಸ ಜಾಗ, ಮೊದಲು ಕಾಲು ಊರಲಿ ಅಂತ. ಅದೇ ಕಾಲೇಜಿನಲ್ಲಿ 1922ರಿಂದ ಆನರ್ಸ್ ಅಂತ ಒಂದು ವ್ಯವಸ್ಥೆ ಇದೆ. ಪಾಠ ಮಾಡಿದವರು ಪರೀಕ್ಷೆ ಮಾಡುವುದಿಲ್ಲ, ಹೊರಗಿನ ವಿಶ್ವವಿದ್ಯಾಲಯಗಳಿಂದ ಬಂದವರು ಮಾಡುತ್ತಾರೆ, ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಆರೆಗಾನ್‌ನ ರೀಡ್ ಕಾಲೇಜಿನಲ್ಲಿ ಇನ್ನೂ ಮಜಾ. ಗ್ರೇಡ್ ದಾಖಲಾಗುತ್ತದೆ, ಆದರೆ ತೀರಾ ಕಡಿಮೆ ಆಗದಿದ್ದರೆ ಮಕ್ಕಳಿಗೆ ಹೇಳುವುದಿಲ್ಲ, ಅವರಾಗಿ ಕೇಳಿದರೆ ಮಾತ್ರ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಥೀಸಿಸ್ ಬರೆಯಲೇಬೇಕು. ಈ ರೀಡ್‌ನಲ್ಲಿ 1968ರಿಂದ ಒಂದು ಸಣ್ಣ ಪರಮಾಣು ರಿಯಾಕ್ಟರ್ ಇದೆ, ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಡಿಗ್ರಿ ಮಕ್ಕಳು. ಇಂಗ್ಲಿಷ್ ಸಾಹಿತ್ಯ ಓದುವವರೂ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ಸೇರಬಹುದು.

ಪೆನ್ಸಿಲ್ವೇನಿಯಾದ ಹ್ಯಾವರ್‌ಫೋರ್ಡ್‌ನಲ್ಲಿ ಪರೀಕ್ಷೆಗೆ ಮೇಲ್ವಿಚಾರಕರೇ ಇಲ್ಲ. ಎಷ್ಟೋ ಪರೀಕ್ಷೆಗಳ ಸಮಯವನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳುತ್ತಾರೆ. ಆ ನಿಯಮಾವಳಿಯನ್ನು ಮಕ್ಕಳೇ ನಡೆಸುತ್ತಾರೆ, ಪ್ರತಿ ವರ್ಷ ಸಭೆ ಸೇರಿ ಓಟು ಹಾಕಿ ಉಳಿಸಿಕೊಳ್ಳುತ್ತಾರೆ. ನಾನು ಇದನ್ನು ಹೇಳಿದಾಗ ಇಲ್ಲಿ ಎಲ್ಲರೂ ನಕ್ಕಿರಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡುವ ರಾಜ್ಯ ನಮ್ಮದು, ನಗು ಸಹಜ. ಆದರೆ ಯೋಚಿಸಿ, ಹದಿನೈದು ಮಕ್ಕಳ ಕ್ಲಾಸಿನಲ್ಲಿ ಪ್ರತಿಯೊಬ್ಬರ ಬರವಣಿಗೆ ಹೇಗಿರುತ್ತದೆ ಅಂತ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕದ್ದದ್ದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ನಂಬಿಕೆಯ ಹಿಂದೆ ಈ ಪರಿಚಯವೂ ಇದೆ. ಈಗ ಎಐ ಬಂದ ಮೇಲೆ ಅಲ್ಲಿಯೂ ತಲೆನೋವು ಶುರುವಾಗಿದೆ, ಅದು ಬೇರೆ ಮಾತು.

ಕದಿಯುವ ವಿಷಯ ಬಂತು, ಒಂದು ಕಥೆ ಹೇಳುತ್ತೇನೆ. ನಡೆದದ್ದು. 1948ರಲ್ಲಿ ಗ್ರಿನೆಲ್‌ನಲ್ಲಿ ರಾಬರ್ಟ್ ನಾಯ್ಸ್ ಅಂತ ಒಬ್ಬ ಹುಡುಗ, ಹಾಸ್ಟೆಲ್ ಪಾರ್ಟಿಗೆ ಅಂತ ಪಕ್ಕದ ರೈತನ ಹಂದಿ ಕದ್ದ. ಅದು ಪೂರ್ತಿ ರೈತರ ರಾಜ್ಯ, ಜಾನುವಾರು ಕದಿಯುವುದು ದೊಡ್ಡ ಅಪರಾಧ. ನಮ್ಮ ಕಡೆ ಯಾರದಾದರೂ ಬನ್ನೂರು ಕುರಿ ಕದ್ದಿದ್ದರೆ ಏನಾಗುತ್ತಿತ್ತು ಅಂತ ನಿಮಗೇ ಗೊತ್ತು. ಹುಡುಗನ ಪರ ಮಾತಾಡಿದವರಲ್ಲಿ ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್ ಒಬ್ಬರು. ಡಿಬಾರ್ ಆಗಬೇಕಾದವನು ಒಂದು ಸೆಮಿಸ್ಟರ್ ಸಸ್ಪೆಂಡ್ ಆಗಿ ಉಳಿದುಕೊಂಡ. ಅವನು ವಾಪಸ್ ಬರುವ ಹೊತ್ತಿಗೆ ಗೇಲ್ ಮೇಷ್ಟ್ರು ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾಲಯದವರು ಆಗಷ್ಟೇ ಕಂಡುಹಿಡಿದಿದ್ದ ಟ್ರಾನ್ಸಿಸ್ಟರ್ ತರಿಸಿಕೊಂಡು ಪಾಠ ಮಾಡುತ್ತಿದ್ದರು. ಹುಡುಗ ಅದಕ್ಕೆ ಮರುಳಾದ. 1959ರಲ್ಲಿ ಸಿಲಿಕಾನ್ ಚಿಪ್‌ಗೆ ದಾರಿ ಮಾಡಿದವರಲ್ಲಿ ಅವನೂ ಒಬ್ಬ, 1968ರಲ್ಲಿ ಇಂಟೆಲ್ ಕಂಪನಿ ಶುರು ಮಾಡಿದವರಲ್ಲೂ ಒಬ್ಬ. ಹಂದಿ ಕದಿಯಿರಿ ಅಂತ ನಾನು ಹೇಳುತ್ತಿಲ್ಲ. ಹಿಂದಿನ ಬೆಂಚಿನ ಹುಡುಗನ ಹೆಸರೇ ಗೊತ್ತಿಲ್ಲದ ಕಾಲೇಜಿನಲ್ಲಿ ಅವನ ಪರ ಮಾತಾಡಲು ಯಾವ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು?

ಇನ್ನು ಅಲ್ಲಿನ ಜೀವನ. ಬ್ರೋಷರ್‌ನ ಫೋಟೋದಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕೂತು ನಗುತ್ತಿರುತ್ತಾರೆ. ಆ ಹುಲ್ಲು ವರ್ಷದಲ್ಲಿ ಎಷ್ಟೋ ತಿಂಗಳು ಹಿಮದ ಕೆಳಗಿರುತ್ತದೆ ಅಂತ ಯಾರೂ ಹೇಳುವುದಿಲ್ಲ. ಇಂಥ ಕಾಲೇಜುಗಳಲ್ಲಿ ಬಹಳಷ್ಟು ಇರುವುದು ಸಣ್ಣ ಊರುಗಳಲ್ಲಿ. ಪೇಟೆ ಅಂದರೆ ಒಂದು ಬೀದಿ. ಸಂಜೆ ಐದಕ್ಕೆ ಕತ್ತಲು. ಯಾರ ಜೊತೆ ಯಾರು ಮಾತು ಬಿಟ್ಟರು ಅಂತ ಊಟದ ಹಾಲ್‌ಗೆ ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಹಳ್ಳಿಯಿಂದ ಹೋದವರಿಗೆ ಇದೊಂದು ಅಭ್ಯಾಸ ಇರುತ್ತದೆ, ಬೆಂಗಳೂರಿನವರು ಒದ್ದಾಡುತ್ತಾರೆ. ಒಂಟಿತನ, ಓದಿನ ಒತ್ತಡ, ಕುಡಿತ ಎಲ್ಲ ಇದೆ. ಕೌನ್ಸೆಲರ್ ಇರುತ್ತಾರೆ, ಅವರನ್ನು ನೋಡಲು ಕಾಯಬೇಕಾಗುತ್ತದೆ. ಮುದ್ದೆ ಸಿಗುವುದಿಲ್ಲ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದರು. "ಅಲ್ಲ ಸಾ, ಮಕ್ಳು ಕ್ಯಾಂಟೀನ್‌ನಲ್ಲಿ ಪಾತ್ರೆ ಉಜ್ತಾರಂತಲ್ಲ, ಅಷ್ಟ್ ದೂರ ಕಳ್ಸೋದು ಅದಕ್ಕಾ?" ಹೌದು, ಉಜ್ಜುತ್ತಾರೆ. ಸ್ಟೂಡೆಂಟ್ ವೀಸಾದಲ್ಲಿ ಪಾಠ ನಡೆಯುವಾಗ ವಾರಕ್ಕೆ 20 ಗಂಟೆವರೆಗೂ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬಹುದು. ಲೈಬ್ರರಿಯಲ್ಲಿ ಕೂರುವುದು, ಊಟದ ಹಾಲ್‌ನಲ್ಲಿ ಬಡಿಸುವುದು, ತೊಳೆಯುವುದು. ಕೋಟ್ಯಧಿಪತಿಯ ಮಗಳೂ ಪಕ್ಕದಲ್ಲೇ ನಿಂತು ಮಾಡುತ್ತಿರಬಹುದು, ಯಾರೂ ಕೀಳಾಗಿ ನೋಡುವುದಿಲ್ಲ. ಓಬರ್ಲಿನ್‌ನಲ್ಲಿ ಒಂದಿಷ್ಟು ವಿದ್ಯಾರ್ಥಿಗಳು ತಾವೇ ಸಹಕಾರಿ ಸಂಘ ಮಾಡಿಕೊಂಡು ದಿನಸಿ ತಂದು, ಅಡುಗೆ ಮಾಡಿ, ಪಾಳಿ ಹಾಕಿಕೊಂಡು ತೊಳೆಯುತ್ತಾರೆ, ಖರ್ಚೂ ಕಮ್ಮಿ. ಯಜಮಾನರೇ, ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು, ತಾತಯ್ಯನವರ ಅನಾಥಾಲಯದಲ್ಲಿದ್ದು ಓದಿದವರು ಎಷ್ಟು ಜನ ಇಲ್ಲ ಹೇಳಿ. ಓದಿಗಾಗಿ ಕೈ ಕೆಸರು ಮಾಡಿಕೊಳ್ಳುವುದು ನಮಗೇನು ಹೊಸದೇ?

ಹಾಗೆ ನೋಡಿದರೆ ಸಣ್ಣ ತರಗತಿಯೂ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಆಗಿನ ಮಹಾರಾಜಾ ಕಾಲೇಜಿನಲ್ಲಿ ಎ. ಆರ್. ವಾಡಿಯಾ ಅವರು ಫಿಲಾಸಫಿ ಕಲಿಸುತ್ತಿದ್ದರು. ಅಲ್ಲಿ ಸೋಷಿಯಲ್ ಫಿಲಾಸಫಿ ಅನ್ನುವ ಆನರ್ಸ್ ಇತ್ತು. ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜಕೀಯ ಚಿಂತನೆ ಎಲ್ಲ ಸೇರಿದ ಓದು. ಅದನ್ನು ಓದಿ 1936ರಲ್ಲಿ ಹೊರಬಂದವರು ಎಂ. ಎನ್. ಶ್ರೀನಿವಾಸ್, ಮುಂದೆ ದೇಶದ ದೊಡ್ಡ ಸಮಾಜಶಾಸ್ತ್ರಜ್ಞರಾದರು. ಎಸ್. ರಾಧಾಕೃಷ್ಣನ್ ಇಲ್ಲಿ ಪಾಠ ಮಾಡಿದ್ದು 1918ರಿಂದ 1921ರವರೆಗೆ ಮಾತ್ರ. ಕಲ್ಕತ್ತಾಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದು ರೈಲ್ವೆ ಸ್ಟೇಷನ್ ಮುಟ್ಟಿಸಿದ ಕಥೆ ನಿಮಗೆಲ್ಲ ಗೊತ್ತಿದೆ. ಮೂರು ವರ್ಷದಲ್ಲಿ ಅಷ್ಟು ಹತ್ತಿರ ಆಗಬೇಕಾದರೆ ಮೇಷ್ಟ್ರಿಗೆ ಮಕ್ಕಳ ಜೊತೆ ಮಾತಾಡಲು ಪುರುಸೊತ್ತಿತ್ತು ಅಂತಲೇ ಅರ್ಥ. ಆ ಕಾಲವನ್ನು ಜಾಸ್ತಿ ಹೊಗಳುವುದೂ ಬೇಡ. ಆಗ ಕಾಲೇಜಿಗೆ ಬರುತ್ತಿದ್ದವರು ಕೆಲವೇ ಜಾತಿಯ, ಕೆಲವೇ ಮನೆಯ ಹುಡುಗರು. ಈಗ ಕೆ.ಆರ್. ಪೇಟೆಯ, ನಾಗಮಂಗಲದ ಹುಡುಗಿಯರು ಬಸ್ ಹತ್ತಿ ಮೈಸೂರಿಗೆ ಬರುತ್ತಾರೆ. ಕ್ಲಾಸು ತುಂಬಿದ್ದು ಒಳ್ಳೆಯ ಕಾರಣಕ್ಕೆ. ತುಂಬಿದ ಮೇಲೆ ಮೇಷ್ಟ್ರುಗಳ ಸಂಖ್ಯೆ ಏರಲಿಲ್ಲ, ಅದು ತಪ್ಪು.

ದುಡ್ಡಿನ ಮಾತಿಗೆ ಬರೋಣ, ಎಲ್ಲರೂ ಅದಕ್ಕೇ ಕಾಯುತ್ತಿದ್ದೀರಿ. ಹೆಸರಾಂತ ಸಣ್ಣ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟಿದೆ. ಅಂದರೆ ಸುಮಾರು 70 ಲಕ್ಷ ರೂಪಾಯಿ. ಜಮೀನು ಮಾರಿ ಕಳಿಸುವಂಥ ಓದು ಇದಲ್ಲ, ದಯವಿಟ್ಟು ಮಾರಬೇಡಿ. ಆದರೆ ಆ ಬೆಲೆ ಎಲ್ಲರೂ ಕಟ್ಟುವುದಿಲ್ಲ. ಶ್ರೀಮಂತ ಕಾಲೇಜುಗಳು ಮನೆಯ ಆದಾಯ ನೋಡಿ ಉಳಿದದ್ದನ್ನು ತಾವೇ ಭರಿಸುತ್ತವೆ. ಆಮ್ಹರ್ಸ್ಟ್‌ನಂಥ ಕೆಲವು ಕಡೆ ವಿದೇಶದ ವಿದ್ಯಾರ್ಥಿಯಾದರೂ ದುಡ್ಡು ಕೇಳಿದ್ದಾನೆ ಅನ್ನುವ ಕಾರಣಕ್ಕೆ ಸೀಟು ನಿರಾಕರಿಸುವುದಿಲ್ಲ. ಬಹುಪಾಲು ಕಡೆ ಆ ಕಾರಣಕ್ಕೂ ನಿರಾಕರಿಸಬಹುದು, ಅಂದರೆ ಸಹಾಯ ಕೇಳಿದಷ್ಟೂ ಸೀಟು ಕಷ್ಟ. ಬಡ ಕಾಲೇಜುಗಳೂ ಇವೆ. ವರ್ಮಾಂಟ್‌ನ ಮಾರ್ಲ್‌ಬರೋ 2020ರಲ್ಲಿ ಮುಚ್ಚಿತು. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು 1868ರದ್ದು, 2024ರಲ್ಲಿ ಬೀಗ ಹಾಕಿತು. ಮಕ್ಕಳು ಅರ್ಧಕ್ಕೆ ಬೇರೆ ಕಡೆ ಓಡಿದರು. ಏಜೆಂಟ್ ಯಾರಾದರೂ ಕೇಳಿರದ ಕಾಲೇಜಿನ ಹೆಸರು ಹೇಳಿ, "ಅರ್ಧ ಸ್ಕಾಲರ್‌ಶಿಪ್ ಕೊಡಿಸ್ತೀನಿ" ಅಂದರೆ, ಉಳಿದ ಅರ್ಧವೇ ಎಷ್ಟು ಲಕ್ಷ ಅಂತ ಲೆಕ್ಕ ಹಾಕಿ.

ಅಷ್ಟು ದೂರ ಹೋಗದವರಿಗೆ ಹತ್ತಿರದಲ್ಲೂ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬಿಎ, ಬಿಎಸ್‌ಸಿ ಇದೆ, ಮನೆಯ ಆದಾಯ ಕಮ್ಮಿ ಇದ್ದರೆ ಫೀಸು, ಹಾಸ್ಟೆಲ್ ಎರಡರಲ್ಲೂ ಪೂರ್ತಿವರೆಗೂ ವಿನಾಯಿತಿ ಸಿಗಬಹುದು. ಹರಿಯಾಣದ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯ ದುಬಾರಿ, ಅಲ್ಲೂ ಆದಾಯ ನೋಡಿ ಸಹಾಯ ಉಂಟು.

ಇನ್ನು ಮೈಸೂರಿನಲ್ಲೇ, ಮಂಡ್ಯದಲ್ಲೇ ಓದುವವರು, ಅಂದರೆ ಇಲ್ಲಿ ಕೂತಿರುವ ಬಹುತೇಕ ಎಲ್ಲರೂ. ಮೇ, ಜೂನ್‌ನಲ್ಲಿ ಕಾಲೇಜು ನೋಡಲು ಹೋಗುತ್ತೀರಲ್ಲ, ಎಸಿ ಸೆಮಿನಾರ್ ಹಾಲ್ ತೋರಿಸುತ್ತಾರೆ, ಪ್ಲೇಸ್‌ಮೆಂಟ್ ಬ್ಯಾನರ್ ತೋರಿಸುತ್ತಾರೆ. ನೋಡಿ, ತೊಂದರೆಯಿಲ್ಲ. ಆಮೇಲೆ ಒಂದು ಮಾತು ಕೇಳಿ: ಹೋದ ವರ್ಷದ ಯಾವುದಾದರೂ ಒಂದು ವಿದ್ಯಾರ್ಥಿಯ ಅಸೈನ್‌ಮೆಂಟ್ ತೋರಿಸಿ ಅಂತ. ಹೆಸರು ಮುಚ್ಚಿ ಕೊಡಲಿ. ಅದರ ಮಾರ್ಜಿನ್‌ನಲ್ಲಿ ಮೇಷ್ಟ್ರ ಕೈಬರಹ ಇದೆಯಾ ನೋಡಿ. ಸಹಿ ಮಾತ್ರ ಇದ್ದರೆ ಆ ಕಾಲೇಜಿಗೆ ನೀವು ಕಟ್ಟುವ ಫೀಸು ಕಟ್ಟಡಕ್ಕೆ ಹೋಗುತ್ತದೆ. ಪರ್ಮನೆಂಟ್ ಮೇಷ್ಟ್ರು ಎಷ್ಟು, ಗೆಸ್ಟ್ ಎಷ್ಟು ಅಂತಲೂ ಕೇಳಿ, ಮುಜುಗರ ಬೇಡ, ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸುವುದಿಲ್ವಾ?

ಸೇರಿದ ಮೇಲೆ ಕಾಲೇಜು ಮಾಡಿಸದಿದ್ದರೆ ನೀವೇ ಮಾಡಿಕೊಳ್ಳಬಹುದು. ಇಬ್ಬರು ಗೆಳೆಯರು ಸಾಕು. ವಾರಕ್ಕೆ ಮೂರು ಪುಟ, ಒಬ್ಬರು ಬರೆಯುವುದು, ಇನ್ನೊಬ್ಬರು ಪ್ರಶ್ನೆ ಹಾಕುವುದು. ಕನ್ನಡದಲ್ಲೇ ಬರೆಯಿರಿ. ಕುಕ್ಕರಹಳ್ಳಿ ಕೆರೆ ಏರಿಯ ಬೆಂಚು ಇದೆ, ರೈಲು ಪಾಸಿದ್ದರೆ ಮಂಡ್ಯ ಮೈಸೂರು ಪ್ಯಾಸೆಂಜರ್‌ನ ಒಂದು ಗಂಟೆ ಇದೆ. ತಿಂಗಳಿಗೊಮ್ಮೆ ಒಂದು ಪ್ರಬಂಧ ತಗೊಂಡು ಸ್ಟಾಫ್‌ರೂಮಿಗೆ ಹೋಗಿ, "ಸರ್, ಮೇಡಂ, ಇದನ್ನು ಓದಿ ಹೇಳ್ತೀರಾ" ಅಂತ ಕೇಳಿ. ನೂರರಲ್ಲಿ ಒಬ್ಬರು ಹಾಗೆ ಬಂದರೆ ನಮ್ಮ ಮೇಷ್ಟ್ರುಗಳಿಗೆ ಎಷ್ಟು ಖುಷಿ ಆಗುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಕೊನೆಯ ಪ್ರಶ್ನೆ ಮುಂದಿನ ಸಾಲಿನ ಒಬ್ಬಳು ಹುಡುಗಿಯದು. ಫಸ್ಟ್ ಪಿಯುಸಿ. ಅಮೆರಿಕಕ್ಕೇ ಅರ್ಜಿ ಹಾಕಬೇಕು ಅಂದರೆ ಯಾವಾಗ ಶುರು ಮಾಡಬೇಕು ಅಂತ. ಸೆಕೆಂಡ್ ಪಿಯುಸಿ ರಿಸಲ್ಟ್ ಬರಲಿ ಅಂತ ಕಾಯಬೇಡಮ್ಮ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನೀನು ಸೆಕೆಂಡ್ ಪಿಯುಸಿಯಲ್ಲಿರುವಾಗಲೇ ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಸೇರಿ ಒಂದೇ ಆನ್‌ಲೈನ್ ಅರ್ಜಿ) ತೆರೆಯುತ್ತದೆ, ಹೆಚ್ಚಿನ ಕಾಲೇಜುಗಳಿಗೆ ಜನವರಿ ಮೊದಲ ಎರಡು ವಾರದೊಳಗೆ ಹಾಕಬೇಕು. ನವೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಅಂತ ಇದೆ, ಅದರಲ್ಲಿ ಸೀಟು ಕೊಟ್ಟರೆ ಸೇರಲೇಬೇಕು ಅನ್ನುವ ಕರಾರು, ಹಣದ ಲೆಕ್ಕ ಸರಿಯಾಗಿ ನೋಡಿಕೊಳ್ಳದೆ ಹಾಕಬೇಡ. ಹಣದ ಸಹಾಯದ ಅರ್ಜಿಯೂ ಅದೇ ಹೊತ್ತಿಗೆ ಹೋಗಬೇಕು, ನಂತರ ಕೇಳಿದರೆ ಎಷ್ಟೋ ಕಡೆ ಕೊಡುವುದಿಲ್ಲ. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆ ಹಲವು ಕಡೆ ಕಡ್ಡಾಯವಲ್ಲ. ನಿನ್ನ ಇಬ್ಬರು ಮೇಷ್ಟ್ರು ನಿನ್ನ ಬಗ್ಗೆ ಪತ್ರ ಬರೆಯಬೇಕಾಗುತ್ತದೆ, ಅವರಿಗೆ ಈಗಲೇ ಹೇಳಿಡು. ಅರ್ಜಿ ಶುಲ್ಕ ಕಟ್ಟಲು ಆಗದಿದ್ದರೆ ಕಾಲೇಜಿನ ಅಡ್ಮಿಷನ್ ಆಫೀಸಿಗೆ ಇಮೇಲ್ ಮಾಡಿ ಮನ್ನಾ ಮಾಡಿ ಅಂತ ಕೇಳು, ಕೇಳಿದವರಿಗೆ ಸಾಮಾನ್ಯವಾಗಿ ಮಾಡುತ್ತಾರೆ.